ಹಸಿ

ನಾವು ಕೂತದ್ದು ಪಣಜಿಯ ಪಾಟೊದಲ್ಲಿ, ಹೋಟೆಲಿನ ಮೂರನೇ ಮಹಡಿ,
ಕಿಟಕಿಯಾಚೆ ಮಾಂಡೋವಿ, ಅದರ ಮೇಲೊಂದು ಖಾಲಿ ಬಾರ್ಜು.
ಕರಾರಿನ ನಲವತ್ತೊಂದನೇ ಕಲಮಿನ ಪ್ರಕಾರ ಮಾತ್ರ
ನಾವು ಕೂತದ್ದು ಸಿಂಗಪುರದಲ್ಲಿ.
ಕಾನೂನು ಲಂಡನ್ನಿನದು. ಅದಿರು ಸಾಂಗೆಯ ಗುಡ್ಡದ್ದು.
ಚಹಾ ಇಲ್ಲಿಯದೇ, ಅದೂ ಆರಿತ್ತು.

ಪಂಚರೆನ್ನುತ್ತಾರೆ; ಇದ್ದವರು ಮೂವರು.
ಮಾರಿದವರು ಆರಿಸಿದ್ದು ಒಬ್ಬರನ್ನು, ಕೊಂಡವರು ಒಬ್ಬರನ್ನು,
ಆ ಇಬ್ಬರೂ ಕೂಡಿ ಹುಡುಕಿದ್ದು ನಡುವಿನವರನ್ನು.
ಅವರಿಗೆ ನೆಗಡಿ.
ನಾನು ದುಭಾಷಿ. ವಾಸ್ಕೋದ ಕನ್ನಡ ಶಾಲೆಯ ಟೀಚರು,
ದಿನಕ್ಕೆ ಆರು ಸಾವಿರ, ಊಟ ಅವರದೇ.
ಗುಟ್ಟು ಬಿಡೆನೆಂದು ಸಹಿ ಹಾಕಿದ್ದೇನೆ,
ಹಾಗಾಗಿ ಹಡಗಿನ ಹೆಸರು ಹೇಳುವುದಿಲ್ಲ.

ವ್ಯಾಜ್ಯ ಇಷ್ಟೇ: ಅದಿರಿನಲ್ಲಿ ನೀರೆಷ್ಟಿತ್ತು?
ಮುರ್ಗಾಂವಿನಲ್ಲಿ ಏರಿಸುವಾಗ ನೂರಕ್ಕೆ ಎಂಟು,
ಚೀನಾದಲ್ಲಿ ಇಳಿಸುವಾಗ ಹನ್ನೊಂದು.
ನಡುವಿನ ಮೂರು ಸಮುದ್ರದ್ದೋ, ಮಳೆಯದೋ, ಮನುಷ್ಯರದೋ,
ಹಡಗು ತಡೆದು ನಿಂತ ದಿನಗಳ ದಂಡವೂ ಸೇರಿ
ಹನ್ನೆರಡು ಲಕ್ಷ ಡಾಲರು.

ಸಾಕ್ಷಿ ದ್ಯಾಮಣ್ಣ ಫಕೀರಪ್ಪ ಹೊಳಿಆಲೂರ,
ಊರು ರೋಣದ ಕಡೆ, ಈಗ ಝುವಾರಿನಗರ,
ಬಾರ್ಜಿನ ಮೇಲೆ ಸಲಿಕೆ ಹಿಡಿದು ಮಾದರಿ ತೆಗೆದವನು.
ಸತ್ಯವನ್ನೇ ನುಡಿಯುತ್ತೇನೆ ಎನ್ನು, ಅಂದೆ.
'ಯಾರ ಆಣಿ ಟೀಚರ?' ಅಂದ.
ಅದನ್ನು ನಾನು ಅನುವಾದಿಸಲಿಲ್ಲ.

ಮಾಲು ಹೇಗಿತ್ತು?
'ಹಸಿ ಇತ್ರಿ.'
ವೆಟ್, ಅಂದೆ ನಾನು.
ಮಾರಿದವರ ವಕೀಲರು ಎದ್ದರು. ಅವರ ಬಳಿ ನಿಘಂಟಿನ ನಕಲು,
ಹಳದಿ ಬಣ್ಣ ಬಳಿದ ಸಾಲುಗಳು:
ಹಸಿ, ಬೇಯದ್ದು. ಹಸಿ, ಮಾಗದ ಕಾಯಿ.
ಹಸಿ, ಮಾಯದ ಗಾಯ. ಹಸಿ, ಮೊನ್ನೆ ಹೆತ್ತವಳ ಮೈ.
'ಗಣಿಯಿಂದ ಆಗಷ್ಟೇ ಬಂದದ್ದು ಎಂದೂ ಆಗಬಹುದಲ್ಲವೆ, ಮೇಡಂ?'
ಆಗಬಹುದು, ಅಂದೆ.
ಹಸಿ ಸುಳ್ಳು ಎಂಬುದೂ ಇದೆ ಆ ಪುಟದಲ್ಲಿ,
ಅದಕ್ಕೆ ಹಳದಿ ಬಳಿದಿರಲಿಲ್ಲ.

ನಡುವಿನವರು ಮೂಗೊರೆಸಿಕೊಂಡರು: ಎಷ್ಟು ಹಸಿ, ಕೇಳಿ.

ದ್ಯಾಮಣ್ಣ ಬಲಗೈ ಎತ್ತಿ ಮುಷ್ಟಿ ಬಿಗಿದ.
'ಹಿಂಗ ಹಿಡದರ ಉಂಡಿ ಆಗಬೇಕ್ರಿ, ಬಿಟ್ಟರ ಬಿರೀಬೇಕು.
ಇದು ಬಿರೀಲಿಲ್ಲ.
ಬಳ್ಳಿನ ಸಂದ್ಯಾಗಿಂದ ಕೆಂಪನ್ನ ನೀರ ಬಂತು.'
ಮುಷ್ಟಿ ಬಿಚ್ಚಿದ.
ಮೂರು ದೇಶದ ಕಾನೂನು ಮೇಜಿನ ಮೇಲೆ ಬಾಗಿ
ಆ ಖಾಲಿ ಅಂಗೈಯೊಳಗೆ ಇಣುಕಿತು.
ಪರದೆಯಲ್ಲಿ, ಅಲ್ಲಿ ಸಂಜೆಯಾಗಿದ್ದ ಕೋಣೆಯಲ್ಲಿ,
ಯಾರೋ ಕ್ಯಾಮೆರಾಕ್ಕೆ ಮುಖ ಹತ್ತಿರ ತಂದರು.
ಬೆರಳಚ್ಚಿನ ಹುಡುಗಿ ಬರೆದಳು: ಸಾಕ್ಷಿಯಿಂದ ಕೈಸನ್ನೆ.

ಹಾಗಿದ್ದರೆ ಎಂಟು ಎಂದು ಬರೆದವರು ಯಾರು?
'ಸಾಹೇಬ್ರು. ನಂಗ ಓದಾಕ ಬರೂದಿಲ್ರಿ, ಹೆಬ್ಬಟ್ಟು ಒತ್ತಿನಿ.'
ದಾಖಲೆ ಹದಿನೇಳು ತೆಗೆದರು.
ಹೆಬ್ಬೆಟ್ಟಿದೆ. ಗೆರೆಗಳಿಲ್ಲ, ಕಾಗದದ ಮೇಲೆ ಹರಡಿಹೋಗಿದೆ,
ಒದ್ದೆ ಬೆರಳು ಒತ್ತಿದಂತೆ.
ಆದರೆ ಎಲ್ಲರ ಕೈಯಲ್ಲೂ ಇದ್ದದ್ದು ಜೆರಾಕ್ಸು.
ಶಾಯಿಯೋ, ಅದಿರೋ, ಕೆಂಪೋ, ಕಪ್ಪೋ,
ಹೇಳುವವರಾರು?
ಮೂಲಪ್ರತಿ ಎಲ್ಲಿ ಎಂಬುದರ ಮೇಲೆ ಸಂಜೆಯ ತನಕ ವಾದ ನಡೆಯಿತು.
ಆ ಹೊತ್ತಿಗೆ ದ್ಯಾಮಣ್ಣನನ್ನು ಎಲ್ಲರೂ ಮರೆತಿದ್ದರು,
ಅವನು ಹೊರಗಿನ ಸೋಫಾದ ಅಂಚಿನಲ್ಲಿ,
ಬಟ್ಟೆಗೆ ಕೊಳೆಯಾದೀತೆಂಬಂತೆ ಕೂತಿದ್ದ. ಯಾರ ಬಟ್ಟೆಗೋ.

ತೀರ್ಪು ಬಂದಿರಬೇಕು. ನನಗೆ ತಿಳಿಸುವವರಿಲ್ಲ, ನಾನು ಕೇಳುವಂತಿಲ್ಲ.

ಕದಂಬ ಬಸ್‌ಸ್ಟ್ಯಾಂಡಿನಲ್ಲಿ ಅವನು ಕೇಳಿದ್ದು ಒಂದು ಚೀಟಿ:
ಇವತ್ತಿನ ಪಗಾರ ಹಿಡಿಯಬಾರದೆಂದು, ಗುತ್ತಿಗೆದಾರನಿಗೆ.
ನೋಟುಬುಕ್ಕಿನ ಹಾಳೆ ಹರಿದು, ತೊಡೆಯ ಮೇಲಿಟ್ಟು,
ತಾರೀಖು ಬರೆದೆ. 'ಸ್ಥಳ' ಎಂದು ಬರೆದು
ಪೆನ್ನು ನಿಂತಿತು.
ಅವನು ಬಗ್ಗಿ ನೋಡಿದ, ಓದಲು ಬಾರದವನು.
'ಪಣಜಿ ಅಂತ ಬರೀರಿ ಟೀಚರ,
ಬಸ್ಸು ಇಲ್ಲಿಂದನ ಐತಿ.'