ಮೂರು ಗಂಟೆಯೊಳಗೆ

ವಾಪಸ್ ತೆಗೆದುಕೊಳ್ಳಲು ಮೂರು ಗಂಟೆಯವರೆಗೆ ಸಮಯ.
ಎರಡೂಕಾಲಿಗೆ ಮುನಿತಾಯಮ್ಮ ಬಂದು
ನನ್ನ ಜೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತಳು,
ಚಪ್ಪಲಿ ಹೊರಗೇ ಬಿಟ್ಟು.
ದೇವಸ್ಥಾನವಲ್ಲ ಅಂದರೂ ಬಿಟ್ಟೇ ಬರುತ್ತಾಳೆ.

ಲಗ್ಗೆರೆಯ ನಮ್ಮ ವಾರ್ಡಿಗೆ ಈ ಸಲ
ಟಿಕೆಟ್ ಮೇಲಿಂದ ಇಳಿಯುವುದಿಲ್ಲವಂತೆ,
ಸದಸ್ಯರೇ ಆರಿಸಬೇಕಂತೆ.
ಮುನ್ನೂರ ಹನ್ನೆರಡು ಕಾರ್ಡು, ಒಂದು ಛತ್ರ, ಒಂದು ಭಾನುವಾರ,
ಬಾಯಿಗೆ ಕೆಂಪು ಬಟ್ಟೆ ಕಟ್ಟಿದ ಹಿತ್ತಾಳೆ ಕೊಡ.
ಕಣದಲ್ಲಿ ಮೂವರು.

ಹಾಳಾದ ಪ್ರತಿಯ ಬೆನ್ನ ಮೇಲೆ ಲೆಕ್ಕ ಬರೆದು ತೋರಿಸಿದೆ.
ಕೇಬಲ್ ಪಿಳ್ಳಣ್ಣನಿಗೆ ನೂರ ನಲವತ್ತು, ಹೆಚ್ಚೂ ಕಡಿಮೆ;
ಅವನ ದುಡ್ಡು ಆಗಲೇ ಬಿರಿಯಾನಿಯಾಗಿ ಬೀದಿ ಸುತ್ತಿದೆ.
ಪಿ.ಟಿ. ಮೇಷ್ಟ್ರು ದೊಡ್ಡರಂಗಯ್ಯನವರಿಗೆ ಅದರ ಹಿಂದೆಮುಂದೆ.
ಒಳ್ಳೆ ಮನುಷ್ಯ, ನಮ್ಮೆಲ್ಲರ ಮಕ್ಕಳಿಗೂ ಓಡಲು ಕಲಿಸಿದವರು.
'ನಿನಗೆ ಇಪ್ಪತ್ತು,' ಅಂದೆ,
'ಅದೂ ಮೇಷ್ಟ್ರ ಬುಟ್ಟಿಯಿಂದ ಉದುರಿದ್ದು.
ಗೆಲ್ಲದ ಕುದುರೆ ದಾರಿಗೆ ಅಡ್ಡ ನಿಲ್ಲಬಾರದು, ತಾಯಿ.'

ಅವಳು ಹಾಳೆ ತಿರುಗಿಸಿ ನೋಡಿದಳು.
ಆ ಕಡೆ ಯಾರದೋ ಮರಣಪತ್ರ, ಅರ್ಧಕ್ಕೆ ಮಸಿ ಸೋರಿದ್ದು.
'ಲೆಕ್ಕ ಸರಿ ಇದೆ,' ಅಂದಳು.

ಇಪ್ಪತ್ತಾರು ವರ್ಷ ಈ ಬೀದಿಗಳನ್ನು ಗುಡಿಸಿದವಳು.
'ಬೆಳಿಗ್ಗೆ ಐದಕ್ಕೆ ಪೊರಕೆ ಹಿಡಿದ್ರೆ ಹನ್ನೊಂದರ ತನಕ
ಹೆಂಗಸ್ರಿಗೆ ಹೋಗೋಕೆ ಒಂದು ಜಾಗ ಇಲ್ಲ.
ನೀರು ಕುಡೀದೆ ಇರೋದು ಕಲ್ತ್ವಿ, ಅಷ್ಟೇ.
ಕೇಬಲ್‌ನವನು ಇದನ್ನ ಅಂದ್ನಾ?
ಮೇಷ್ಟ್ರಾದ್ರೂ? ಪಾರ್ಕು ಅಂದ್ರು, ಜಿಮ್ ಅಂದ್ರು.
ನಾನು ನಿಂತ ಮೇಲೆ, ಮೊನ್ನೆ, ಭಾಷಣದ ಕೊನೇಲಿ
ಕೆಮ್ಮಿಕೊಂಡು ಶೌಚಾಲಯ ಅಂದ್ರು. ಒಂದು ಸಲ.
ನಾನು ಕೂತ್ರೆ ಇನ್ನೊಂದು ಸಲ ಅಂತಾರಾ?'

'ಮಾತು ತಗೊಂಡು ಕೂತ್ಕೋ.'

'ಮಾತಿಗೆ ಜೆರಾಕ್ಸ್ ಇಟ್ಕೊಳ್ಳೋಕಾಗುತ್ತಾ, ಸ್ವಾಮಿ?'

ವಾಪಸ್ ಅರ್ಜಿಯನ್ನು ಬೆಳಿಗ್ಗೆಯೇ ನಾನು ಟೈಪು ಮಾಡಿಟ್ಟಿದ್ದೆ,
ಸಹಿಯ ಜಾಗಕ್ಕೆ ಪೆನ್ಸಿಲಿನ ಸಣ್ಣ ಗುರುತು.
ಅವಳು ಡ್ರಾಯರಿನ ಕಡೆ ನೋಡಲಿಲ್ಲ.
ನೋಡಿದಳೋ ಏನೋ.
ಹಾಲ್ ಟಿಕೆಟ್ ಹಿಡಿದ ಹುಡುಗರು ಬಂದರು, ಕರೆಂಟು ಹೋಯಿತು,
ಹಾಳೆಯೊಂದು ಯಂತ್ರದ ಹೊಟ್ಟೆಯಲ್ಲೇ ಸಿಕ್ಕಿಬಿತ್ತು,
ಅದನ್ನು ಎಳೆದು ತೆಗೆಯುವಷ್ಟರಲ್ಲಿ
ಮೂರೂ ಹತ್ತು.

ಪಿಳ್ಳಣ್ಣ ನೂರ ಮೂವತ್ತೊಂಬತ್ತು.
ಮೇಷ್ಟ್ರು ನೂರ ಮೂವತ್ತು.
ಮುನಿತಾಯಮ್ಮ ಇಪ್ಪತ್ಮೂರು.
ಇನ್ನಿಪ್ಪತ್ತು ಮಂದಿ ಭಾನುವಾರ ಮನೆ ಬಿಟ್ಟು ಏಳಲೇ ಇಲ್ಲ.
ಅವರ ಹೆಸರು ಯಾರೂ ಎತ್ತಲಿಲ್ಲ.
ಛತ್ರದ ಬೆರಳುಗಳೆಲ್ಲ ಒಬ್ಬಳ ಕಡೆಗೇ:
ಇವಳು ಕೂತಿದ್ದರೆ, ಇವಳೊಬ್ಬಳು ಕೂತಿದ್ದರೆ.
ಮೇಷ್ಟ್ರು ಮಾತ್ರ ಏನೂ ಅನ್ನದೆ
ಕೊರಳ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಇಳಿದರು.
ಅದನ್ನು ನೋಡಬಾರದಿತ್ತು ನಾನು.

'ಆ ಇಪ್ಪತ್ಮೂರು ನನ್ನ ಸೆರಗಿನ ಗಂಟಾ,
ಬಿಚ್ಚಿ ಇನ್ನೊಬ್ಬರ ಕೈಗೆ ಹಾಕೋಕೆ?'
ಅವಳು ಕೇಳಿದ್ದು ಚಪ್ಪಲಿ ಹುಡುಕುತ್ತಾ, ಯಾರನ್ನೂ ನೋಡದೆ.
ಉತ್ತರ ನನಗೆ ಇವತ್ತಿಗೂ ಪೂರಾ ಸಿಕ್ಕಿಲ್ಲ.
ಒಂಬತ್ತೇ ಒಂಬತ್ತು. ರಾತ್ರಿ ಶಟರ್ ಎಳೆಯುವಾಗ
ಆ ಒಂಬತ್ತು ಕೀಲಿನಲ್ಲಿ ಕಿರುಗುಟ್ಟುತ್ತದೆ.
ನನ್ನ ಲೆಕ್ಕ ತಪ್ಪಿದ್ದು ಮೂರು.
ಆ ಮೂರರಲ್ಲಿ ಒಂದು ಯಾರದೆಂದು ನನಗೆ ಗೊತ್ತು.

ಹೋದ ವಾರ ಪಿಳ್ಳಣ್ಣನ ಹುಡುಗ ಕರಪತ್ರ ತಂದ,
ಸಾವಿರ ಪ್ರತಿ, ಅರ್ಜೆಂಟು.
ಏಳನೇ ಸಾಲು: ಪೌರಕಾರ್ಮಿಕ ಮಹಿಳೆಯರಿಗೆ ಶೌಚಲಯ.
ಮಾಡುತ್ತಾನೋ, ಬಿಡುತ್ತಾನೋ.
ದೀರ್ಘ ಬಿಟ್ಟುಹೋಗಿತ್ತು.
ಕಪ್ಪು ಪೆನ್ನು ತೆಗೆದು ನಾನೇ ಹಾಕಿದೆ,
ಆಮೇಲೆ ಗುಂಡಿ ಒತ್ತಿದೆ.