ನೀಲಿ ಗೆರೆ

ಚಿಂತಾಮಣಿಯಲ್ಲಿ, ನಾರೆಪ್ಪನ
ಟೈರ್ ರೀಟ್ರೆಡ್ ಅಂಗಡಿಯ ಮೇಲೆ ನಮ್ಮ ಕರಾಟೆ ಶಾಲೆ.
ಕೆಳಗೆ ರಬ್ಬರು ಬೇಯುವ ವಾಸನೆ,
ಮೇಲೆ ಇಪ್ಪತ್ತೊಂದು ಮಕ್ಕಳ ಬೆವರು.
ನನ್ನ ಮೂಗಿಗೆ ಭಾನುವಾರ ಅಂದರೆ ಅದೇ.

ಇವತ್ತು ಪಾರ್ಸಲ್ಲು ಬಂತು.
ಬಿಚ್ಚಿ ಚಾಪೆಯ ಮೇಲೆ ಹರವಿದೆ,
ಸಂತೆಯಲ್ಲಿ ಮೂಲಂಗಿ ಹರವಿದ ಹಾಗೆ:
ಕರಿ ಚೂರಿ, ಬೂದು ಚೂರಿ, ಕೆಂಪು ಹಿಡಿಯದೊಂದು,
ನಡುವೆ ಒಂದು ರಬ್ಬರು ಪಿಸ್ತೂಲು. ನಾನು ಕೇಳಿರಲಿಲ್ಲ.
ಮಕ್ಕಳ ಕೈ ಮೊದಲು ಹೋದದ್ದು ಅದಕ್ಕೇ.
ಎತ್ತಿ ಬೀರುವಿನ ಮೇಲಿಟ್ಟೆ.

ಬದನೆಕಾಯಿ ಆರಿಸಿದ ಹಾಗೆಯೇ ಇದೂ.
ಹಿಚುಕಬೇಕು, ಮೂಸಬೇಕು,
ತುದಿಯನ್ನು ಅಂಗೈಗಿಟ್ಟು ಮೈಭಾರ ಬಿಡಬೇಕು.
ಬಾಗದೆ ನಿಂತರೆ ಬೇಡ,
ಮಗುವಿನ ಪಕ್ಕೆಗೆ ತಾಗಿದಾಗಲೂ ಅದು ಬಾಗುವುದಿಲ್ಲ.
ಅಚ್ಚಿನ ಗೆರೆ ಉಳಿದಿದೆಯಾ ಅಂತ ಉಗುರಿನಲ್ಲಿ ಸವರಬೇಕು,
ಕೂದಲೆಳೆಯಷ್ಟು ಉಳಿದರೂ ಕೆನ್ನೆ ಗೀರುತ್ತದೆ.
ಒಳಗೆ ತಂತಿ ಇಟ್ಟು ಎರಕ ಹೊಯ್ದಿದ್ದರೆ
ಹತ್ತು ಸಲ ಬಗ್ಗಿದ ಮೇಲೆ ಇಣುಕುತ್ತದೆ,
ಒಳ್ಳೆಯ ಮಾತಿನೊಳಗಿನ ಕೊಂಕಿನ ಹಾಗೆ.

ನನ್ನ ಎಡ ಹುಬ್ಬಿನಲ್ಲಿ
ಕೂದಲು ಬೆಳೆಯದ ಒಂದು ಕಾಲುದಾರಿ ಇದೆ.
ಹತ್ತೊಂಬತ್ತು ವರ್ಷದ ಹಿಂದೆ, ಕೈವಾರದ ಶಿಬಿರ.
ಹೊನ್ನೆ ಮರದ ಚೂರಿ.
ಬರೀ ಕಟ್ಟಿಗೆ ತಾನೇ, ಅಂದಿದ್ದರು.
ಹಿಡಿದಿದ್ದವಳು ಅಲಮೇಲು, ನನ್ನ ಬೆಂಚಿನವಳು.
ನಾನು ಅತ್ತೆನೋ ಇಲ್ಲವೋ, ನೆನಪಿಲ್ಲ.
ಅವಳು ಅತ್ತದ್ದು ನೆನಪಿದೆ.
ಹೊಲಿಗೆ ಬಿಚ್ಚಿಸಿಕೊಂಡು ನಾನು ವಾಪಸು ಬಂದೆ,
ಅವಳು ಬರಲೇ ಇಲ್ಲ.

ಅದಕ್ಕೇ ಏನೋ, ಚೂರಿ ಬಗ್ಗಿಸುವಾಗೆಲ್ಲ
ನನ್ನ ಕಣ್ಣು ಹಿಡಿಯ ಕಡೆಗೇ ಹೋಗುತ್ತದೆ.

ಮೆತ್ತಗಿನದೊಂದನ್ನು ಭಾರ್ಗವಿ ಎತ್ತಿಕೊಂಡಳು.
ಏಳನೇ ಕ್ಲಾಸು. ಮನೆಯಲ್ಲಿ ರೇಷ್ಮೆ ಹುಳು.
ಬೆಳಗಿನ ಜಾವ ಹಿಪ್ಪುನೇರಳೆ ಸೊಪ್ಪು
ಹೆಚ್ಚಿ ಬರುವ ಕೈ ಅದು.
ಗಾಳಿಯಲ್ಲಿ ಒಮ್ಮೆ ಆಡಿಸಿ ಕೆಳಗಿಟ್ಟಳು:
"ಇದಿ ಕತ್ತಿ ಕಾದು, ಮೇಡಂ."
ಹೌದು, ಕತ್ತಿಯಲ್ಲ, ಹಲ್ಲಿಯ ಬಾಲ.
ಇದರಲ್ಲಿ ಕಲಿತ ಮಗು ನಾಳೆ ನಿಜವಾದ ಅಲಗನ್ನು
ಬರಿಗೈಯಲ್ಲಿ ಹಿಡಿಯಲು ಹೋಗುತ್ತದೆ.
ಮೆತ್ತಗಿನದೂ ಸುಳ್ಳು ಹೇಳುತ್ತದೆ ಅಂತ
ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಟೀ ಹಿಡಿದು ಮೇಲೆ ಬಂದ ನಾರೆಪ್ಪ
ಯಾರೂ ಕೇಳದೆಯೇ ಕುಕ್ಕರಗಾಲಲ್ಲಿ ಕೂತ.
ಕರಿದನ್ನು ಮುಟ್ಟಿ, "ಇದು ಲಾರಿಯ ಹಿಂದಿನ ಗಾಲಿಗೆ ಸರಿ" ಅಂದ.
ಕೆಂಪು ಹಿಡಿಯದಕ್ಕೆ ಮುಖ ಕಿವಿಚಿದ.
ಬೂದು ಚೂರಿಯ ಮೇಲೆ ಹೆಬ್ಬೆರಳೂರಿ ಎತ್ತಿದ:
"ನೋಡಮ್ಮ, ಒತ್ತಿದರೆ ಗುಳಿ ಬೀಳಬೇಕು,
ಬಿಟ್ಟರೆ ಅದಕ್ಕೆ ನೆನಪಿರಬಾರದು."
ಆರು ಬೂದು ಇಟ್ಟುಕೊಂಡೆ. ಉಳಿದದ್ದು ವಾಪಸು.
ಪಿಸ್ತೂಲಿಗೂ ಸೇರಿಸಿ ಚೀಟಿ ಬರೆದೆ.

ಆಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು
ತಟ್ಟೆಯಲ್ಲಿ ಕಲಸಿ ಅಲಗಿಗೆ ಹಚ್ಚಿದೆ.
ಭಾರ್ಗವಿ, ಎದುರಿಗೆ ಯತೀಶ.
ಅವನು ತಡೆದ, ತಿರುಗಿದ, ನಕ್ಕ, ಗೆದ್ದೆ ಅಂದುಕೊಂಡ.
ಕನ್ನಡಿಯ ಮುಂದೆ ನಿಲ್ಲಿಸಿದಾಗ
ಕಿವಿಯ ಕೆಳಗಿನಿಂದ ಕೊರಳಪಟ್ಟಿಯವರೆಗೆ ಒಂದು ಗೆರೆ,
ಆಕಾಶದಷ್ಟು ನೀಲಿ.
ಯಾವಾಗ ತಾಗಿತು, ಅವನಿಗೆ ಗೊತ್ತೇ ಇಲ್ಲ.
ಇಪ್ಪತ್ತೊಂದು ಮಕ್ಕಳು ಗಪ್‌ಚಿಪ್.
ಕೆಳಗೆ ಕಂಪ್ರೆಸರ್ ಮಾತ್ರ ಗುಡುಗುತ್ತಿತ್ತು.

ಅವನ ಬಿಳಿ ಅಂಗಿಯ ಚಿಂತೆಯಿಲ್ಲ,
ನೆನೆಸಿ ಒಗೆದರೆ ಇನ್ನಷ್ಟು ಬೆಳ್ಳಗಾದೀತು.
ಭಾರ್ಗವಿ ನಲ್ಲಿಯ ಹತ್ತಿರ
ಸೋಪು ಹಾಕಿ ಬೆರಳು ಉಜ್ಜುತ್ತಲೇ ಇದ್ದಳು.
"ಎರಡು ದಿನ ಹೋಗಲ್ಲ ಮೇಡಂ ಇದು."
"ಮುಂದಿನ ವಾರ ಬರ್ತೀಯ ಅಲ್ವಾ?" ಅಂದೆ.
ನೀಲಿ ಕೈ ಲಂಗಕ್ಕೆ ಒರೆಸಿಕೊಂಡು
ನನ್ನ ಮುಖ ನೋಡಿದಳು,
ಯಾಕೆ ಕೇಳಿದೆ ಅಂತ ಅವಳಿಗೆ ಅರ್ಥವಾಗಲಿಲ್ಲ.