ತೊಗರಿ ಲೆಕ್ಕ

ನಂದೂರ ದಾಲ್ ಮಿಲ್ಲಿನ್ಯಾಗ, ಬುತ್ತಿ ಬಿಚ್ಚೋ ಹೊತ್ತಿಗೆ
ನೀಲಗಂಗಾ ಸೆರಗಿನ ಗಂಟೂ ಬಿಚ್ಚಿದಳು:
ಹದಿನಾರು ಕಾಳು.

"ಕಾಗಿ ಮುಟ್ಟಿದ ದಿನದಿಂದ ದಿನಕ್ಕೊಂದು.
ಏಳರ ತನಕ ಹೆದರಿಕಿಲ್ಲಂತ,
ಇಪ್ಪತ್ತು ದಾಟಿದ್ರ ಮತ್ತ ಇಲ್ಲಂತ.
ನಡುವ ಅಷ್ಟ
ಬಾಗಿಲ ಕಡಿ ಮಾರಿ ಮಾಡಿ ಮಲಗೋದು."

ಆಶಾ ನುಜಹತ್ ಆಪಾ ನಗಲಿಲ್ಲ.
"ಹೋದ ತಿಂಗಳ ಎಷ್ಟಿದ್ವು?"
"ಇಪ್ಪತ್ತಾರು."
"ಅದರ ಹಿಂದ?"
"ಮೂವತ್ತೈದು. ರಾತ್ರಿ ಪಾಳಿ ಇತ್ತು, ನಿದ್ದಿಲ್ಲ."

ಆಪಾ ಒಂದು ಕಾಳು ಎತ್ತಿ
ಕಲಬುರಗಿ ಬಿಸಿಲಿಗೆ ಹಿಡಿದಳು.
"ತತ್ತಿ ಒಂದಿನ ಇದ್ದು ಹೋಗೋ ಬೀಗತಿ.
ಗಂಡಿನ ಬೀಜ ಹಂಗಲ್ಲ,
ಐದು ದಿನ ಕಟ್ಟಿ ಮ್ಯಾಲ ಕಾದು ಕೂಡ್ತದ.
ಬೀಗತಿ ಬರೋದು
ಮುಂದಿನ ಮುಟ್ಟಿಗೆ ಎರಡು ವಾರ ಮೊದಲು.
ಆ ಮುಂದಿನ ಮುಟ್ಟು ಎಂದಂತ
ನಿನ್ನ ಗಂಟು ಹೇಳ್ತದೇನು?"

ಜರಡಿ ಯಂತ್ರ ಮತ್ತ ಶುರುವಾಯ್ತು.
ನೀಲಗಂಗಾ ಹದಿನಾರೂ ಕಾಳು
ರಾಶಿಗೆ ಚೆಲ್ಲಿದಳು,
ಯಾವುದು ಯಾವುದೋ ಗುರುತು ಸಿಗಲಿಲ್ಲ.
"ಸಂಜಿಗೆ ದವಾಖಾನಿ ತೆರೆದಿರ್ತದೇನ್ರೀ?"

ನಾ ಸುಮ್ಮನ ಬುತ್ತಿ ಕಟ್ಟಿದೆ.
ನನ್ನ ಸಣ್ಣವ
ಇಪ್ಪತ್ತೊಂದನೇ ಕಾಳಿನವ.
ಈಗ ಒಂದನೇ ಇಯತ್ತೆ;
ಎಣಿಕಿಯೊಳಗ ಭಾಳ ಚುರುಕಂತ,
ಮಾಸ್ತರು ಹೇಳ್ತಾರ.